ಕೀಟಾಹಾರಿ ಸಸ್ಯಗಳೂ ಗುಜರಾತಿನ ಮೂರು ನಗರಗಳೂ

ಸೂರತ್ತು ನಗರದ ಕತಾರಗಾಮ ದರವಾಜೆಯ ಸಮೀಪದಲ್ಲಿ ಡಚ್ಚರ ಹಳೆಯ ಗೋರಿಗಳಿವೆ. ಅವುಗಳಲ್ಲೆಲ್ಲ ದೊಡ್ಡದಾಗಿ, ಕಂಬಗಳ ಮೇಲೆ ಗುಮ್ಮಟವನ್ನು ಹೊತ್ತು ನಿಂತಿರುವ ಸಮಾಧಿಯು ಹೆಂಡ್ರಿಕ್ ಆಡ್ರಿಯಾನ್ ವಾನ್ ರೀಡನದು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಈ ಅಧಿಕಾರಿಯು ೧೬೯೧ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಸೂರತ್ತಿಗೆ ಬರುತ್ತಿದ್ದಾಗ, ಮುಂಬಯಿಯ ಸಮೀಪದ ಕಡಲಿನಲ್ಲಿ ಹಡಗಿನ ಮೇಲೆಯೇ ಮೃತನಾದನು. ೧೬೯೨ರ ಜನವರಿಯಲ್ಲಿ ಅವನ ದೇಹವನ್ನು ಇಲ್ಲಿ ಮಣ್ಣುಮಾಡಲಾಯಿತು. ಅದೇ ಊರಿನಲ್ಲಿರುವ ಇಂಗ್ಲಿಷರ ಆಕ್ಸಿಂಡನ್ ಸೋದರರ ಗೋರಿಯನ್ನು ಮೀರಿಸಬೇಕೆಂಬ ಹಟದಿಂದ ಡಚ್ಚರು ಇದನ್ನು ಇಷ್ಟು ಭವ್ಯವಾಗಿ ಕಟ್ಟಿಸಿದರೆಂದು ಹೇಳುವುದುಂಟು. ಸೂರತ್ತಿನಲ್ಲಿ ನೆಲಸಿರುವ ಕನ್ನಡಿಗರಲ್ಲಿ ಹಲವರು ಈ ಗುಮ್ಮಟವನ್ನು ದೂರದಿಂದಲಾದರೂ ನೋಡಿರಬಹುದು. ಆದರೆ ಅದರ ಕೆಳಗೆ ಮಲಗಿರುವವನಿಗೂ, ನಮ್ಮ ಕರಾವಳಿಯ ಪಾರೆಗಳ ಮೇಲೆ ಮಳೆಗಾಲದಲ್ಲಿ ಮೂಡಿ ಬೇಸಗೆಗೆ ಮೊದಲೇ ಮರೆಯಾಗುವ ಒಂದು ಪುಟ್ಟ ಗಿಡಕ್ಕೂ ಸಂಬಂಧವುಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿರುವ ವಿಷಯವಲ್ಲ.

ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಸಸ್ಯಗಳನ್ನೂ ಅವುಗಳಂತೆಯೇ ವಿಲಕ್ಷಣವಾದ ಇತರ ಸಸ್ಯಗಳನ್ನೂ ಮನೆಯಲ್ಲಿ ಬೆಳೆಸುವ, ಕೊಳ್ಳುವ, ಮಾರುವ, ಪರಸ್ಪರ ಹಂಚಿಕೊಳ್ಳುವ ಹವ್ಯಾಸವು ಈಗ ನಮ್ಮ ದೇಶದ ದೊಡ್ಡ ನಗರಗಳಲ್ಲಿ ಬೇರೂರಿದೆ. ಗುಜರಾತಿನ ಮೂರು ನಗರಗಳಾದ ಸೂರತ್ತು, ವಡೋದರಾ, ಅಹಮದಾಬಾದುಗಳೂ ಇದಕ್ಕೆ ಹೊರತಲ್ಲ. ಇದು ಹಣವಿದ್ದವರ ಈಚಿನ ಹುಚ್ಚೆಂದು ತಳ್ಳಿಹಾಕುವವರುಂಟು. ಆದರೆ ವಿಚಾರಿಸಿ ನೋಡಿದರೆ ಈ ಹವ್ಯಾಸದ ಹಿಂದೆ ಮೂರು ಶತಮಾನಗಳಿಗೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯ ಕೆಲವು ಮುಖ್ಯ ಎಳೆಗಳು ಈ ಮೂರು ನಗರಗಳನ್ನೂ ಕನ್ನಡನಾಡನ್ನೂ ಒಟ್ಟಿಗೆ ಹೆಣೆಯುತ್ತವೆ. ವಿಲಕ್ಷಣ ಸಸ್ಯವೊಂದು ಮೊದಲು ಗ್ರಂಥದಲ್ಲಿ ಹೆಸರಾಗುತ್ತದೆ. ಬಳಿಕ ಅರಸರ ತೋಟದಲ್ಲಿ ನೆಲೆ ಕಾಣುತ್ತದೆ. ಕೊನೆಗೆ ಸಾಮಾನ್ಯರ ಮನೆಯ ಕುಂಡಕ್ಕೆ ಇಳಿಯುತ್ತದೆ. ಈ ಮೂರು ಮೆಟ್ಟಿಲುಗಳಿಗೆ ಕ್ರಮವಾಗಿ ಸೂರತ್ತು, ವಡೋದರಾ, ಅಹಮದಾಬಾದುಗಳನ್ನು ನಿದರ್ಶನವಾಗಿ ಇಟ್ಟುಕೊಂಡು, ಪ್ರತಿಯೊಂದು ಹಂತದಲ್ಲಿಯೂ ಗಿಡವನ್ನು ಬಲ್ಲವರು ಯಾರು, ಅದರಿಂದ ಕೀರ್ತಿಯನ್ನೋ ಹಣವನ್ನೋ ಪಡೆದವರು ಯಾರು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಸೂರತ್ತು: ಗ್ರಂಥಸ್ಥವಾದ ಗಿಡ

ವಾನ್ ರೀಡನು ೧೬೭೦ರ ದಶಕದಲ್ಲಿ ಮಲಬಾರಿನ ಡಚ್ ಆಡಳಿತದ ಮುಖ್ಯಸ್ಥನಾಗಿದ್ದನು. ಕೊಚ್ಚಿಯಲ್ಲಿದ್ದಾಗ ಅವನು ಆ ಸೀಮೆಯ ಸಸ್ಯಗಳ ಚಿತ್ರಗಳನ್ನೂ ವಿವರಣೆಗಳನ್ನೂ ಸಂಗ್ರಹಿಸಲು ತೊಡಗಿದನು. ಅದರ ಫಲವೇ ಲ್ಯಾಟಿನ್ ಭಾಷೆಯ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥ. ಅದರ ಮೊದಲನೆಯ ಸಂಪುಟ ಆಂಸ್ಟರ್‌ಡಾಮಿನಲ್ಲಿ ೧೬೭೮ರಲ್ಲಿ ಅಚ್ಚಾಯಿತು. ಹನ್ನೆರಡು ಸಂಪುಟಗಳಲ್ಲಿ ಸುಮಾರು ೭೪೦ ಸಸ್ಯಗಳ ವರ್ಣನೆಯಿದೆ. ಕೊನೆಯ ಸಂಪುಟಗಳು ಹೊರಬಂದದ್ದು ಅವನು ಸೂರತ್ತಿನ ಮಣ್ಣಿನಲ್ಲಿ ಸೇರಿಹೋದ ಮೇಲೆ.

ಈ ಗ್ರಂಥದ ಹತ್ತನೆಯ ಸಂಪುಟದಲ್ಲಿ ‘ಅರಕಪುಡ’ ಎಂಬ ಮಲಯಾಳಂ ಹೆಸರಿನಿಂದ ಒಂದು ಪುಟ್ಟ ಗಿಡದ ಚಿತ್ರ ಬಂದಿದೆ. ಲಿನ್ನೇಯಸನು ೧೭೫೩ರಲ್ಲಿ ‘ಡ್ರೋಸೆರಾ ಇಂಡಿಕಾ’ ಎಂದು ನಾಮಕರಣ ಮಾಡಿದ ಗಿಡವೇ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಬ್ಬನಿಯ ಹನಿಗಳಂತೆ ಹೊಳೆಯುವ ಅಂಟುಬಿಂದುಗಳನ್ನು ಎಲೆಯ ರೋಮಗಳ ತುದಿಯಲ್ಲಿ ಧರಿಸಿ, ಅದಕ್ಕೆ ಮೋಸಹೋಗಿ ಬಂದ ನುಸಿಯನ್ನು ಹಿಡಿದು, ಅದರ ಸಾರವನ್ನು ಹೀರಿಕೊಳ್ಳುವ ಸಸ್ಯವಿದು. ಮಣ್ಣಿನಲ್ಲಿ ಸಾರಜನಕ ಸಾಲದ ಎಡೆಗಳಲ್ಲಿ ಬದುಕಬೇಕಾದುದರಿಂದ ಈ ಜಾತಿಯ ಸಸ್ಯಗಳು ಆಹಾರದ ಆ ಕೊರತೆಯನ್ನು ಕೀಟಗಳಿಂದ ತುಂಬಿಕೊಳ್ಳುತ್ತವೆ. ಗಿಡವು ಪ್ರಾಣಿಯನ್ನು ತಿನ್ನುವುದೆಂಬ ಮಾತನ್ನು ಒಪ್ಪಲು ಲಿನ್ನೇಯಸನೇ ಸಿದ್ಧನಿರಲಿಲ್ಲ. ಅಮೆರಿಕದ ನೊಣ ಹಿಡಿಯುವ ಗಿಡದ ವೃತ್ತಾಂತವನ್ನು ಜಾನ್ ಎಲ್ಲಿಸನು ೧೭೬೮ರಲ್ಲಿ ಅವನಿಗೆ ಬರೆದು ತಿಳಿಸಿದಾಗಲೂ ಅದು ಸೃಷ್ಟಿಕ್ರಮಕ್ಕೆ ವಿರುದ್ಧವೆಂದೇ ಆತನು ಭಾವಿಸಿದನು. ಚಾರ್ಲ್ಸ್ ಡಾರ್ವಿನ್ನನು ೧೮೬೦ರಿಂದ ಈ ವರ್ಗದ ಗಿಡಗಳ ಮೇಲೆ ಪ್ರಯೋಗ ನಡೆಸಿ, ೧೮೭೫ರಲ್ಲಿ ಕೀಟಾಹಾರಿ ಸಸ್ಯಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ ಮೇಲೆಯೇ ಶಾಸ್ತ್ರಜ್ಞರ ಸಂದೇಹ ತೊಲಗಿತು. ಅಂದರೆ ಮಲಬಾರಿನ ಗಿಡದ ಚಿತ್ರ ಅಚ್ಚಾದುದು ಮೊದಲು, ಅದರ ಸ್ವಭಾವದ ಅರಿವು ಶಾಸ್ತ್ರಲೋಕಕ್ಕೆ ಆದುದು ಸುಮಾರು ೧೮೫ ವರ್ಷಗಳ ಬಳಿಕ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ರೀಡನು ಸ್ವತಃ ಸಸ್ಯಶಾಸ್ತ್ರಜ್ಞನಲ್ಲ. ಗಿಡಗಳನ್ನು ಗುರುತಿಸಿ, ಅವುಗಳ ಹೆಸರು, ಗುಣ, ಉಪಯೋಗಗಳನ್ನು ಹೇಳಿದವರು ಸ್ಥಳದ ವೈದ್ಯರು: ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ, ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಇವರ ದೃಢಪತ್ರಗಳು ಗ್ರಂಥದ ಮೊದಲನೆಯ ಸಂಪುಟದಲ್ಲಿಯೇ ಅಚ್ಚಾಗಿವೆ; ಕೊಂಕಣಿ ವೈದ್ಯರ ಪತ್ರವು ನಾಗರೀ ಲಿಪಿಯಲ್ಲಿದ್ದು ೧೬೭೫ರ ಏಪ್ರಿಲ್ ತಿಂಗಳ ತಾರೀಖನ್ನು ಹೊತ್ತಿದೆ. ಗೋವೆಯಿಂದ ಚದರಿ ಕನ್ನಡ ಕರಾವಳಿಯಲ್ಲೂ ಕೊಚ್ಚಿಯಲ್ಲೂ ನೆಲಸಿದ ಸಮಾಜಕ್ಕೆ ಸೇರಿದವರಿವರು. ಆ ಕಾಲದ ಯುರೋಪಿಯನರಲ್ಲಿ ಸ್ಥಳೀಯ ಪಂಡಿತರ ಜ್ಞಾನವನ್ನು ಬಳಸಿಕೊಂಡವರು ಅನೇಕರು. ಅವರ ಹೆಸರನ್ನು ಅವರ ಲಿಪಿಯಲ್ಲಿಯೇ ಉಳಿಸಿದವರು ಬಲು ವಿರಳ. ಸೂರತ್ತಿನ ಆ ಗುಮ್ಮಟಕ್ಕೆ ನಾವು ಸಲ್ಲಿಸಬೇಕಾದ ಗೌರವವೇನಾದರೂ ಇದ್ದರೆ, ಅದು ಕಂಪನಿಯ ಅಧಿಕಾರಿಯ ಪದವಿಗಲ್ಲ, ಈ ಒಂದು ಪ್ರಾಮಾಣಿಕತೆಗೆ.

ಅರಕಪುಡವು ಮಲಬಾರಿಗಷ್ಟೇ ಸೇರಿದ ಗಿಡವಲ್ಲ. ಕಾಸರಗೋಡಿನಿಂದ ಉತ್ತರಕ್ಕೆ ಕನ್ನಡ ಕರಾವಳಿಯುದ್ದಕ್ಕೂ ಇರುವ ಮುರಕಲ್ಲಿನ ಪಾರೆಗಳ ಮೇಲೆ ಮುಂಗಾರಿನ ನೀರು ತೆಳ್ಳಗೆ ನಿಂತಾಗ ಅದು ಮೂಡುತ್ತದೆ. ಅದರ ಬಳಿಯಲ್ಲೇ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ಎಂಬ ಇನ್ನೊಂದು ಕೀಟಾಹಾರಿಯು ಹಾಸುಗಂಬಳಿಯಂತೆ ಹರಡಿಕೊಳ್ಳುತ್ತದೆ. ಸಾತಾರೆಯ ಸಮೀಪದ ಕಾಸ್ ಪ್ರಸ್ಥಭೂಮಿಯಲ್ಲಿ ಮರಾಠಿಗರು ಈ ಹೂವನ್ನು ‘ಸೀತೆಯ ಕಣ್ಣೀರು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನೋಡಲು ಕೋಮಲವಾದ ಈ ಸಸ್ಯವು ತನ್ನ ಸೂಕ್ಷ್ಮವಾದ ಚೀಲಗಳಿಂದ ನೀರನ್ನು ಹೊರಹಾಕಿ ಒಳಗೆ ಸೆಳೆತವನ್ನುಂಟುಮಾಡಿಕೊಂಡು, ಜಲಕೀಟವು ಬಾಗಿಲ ರೋಮವನ್ನು ಮುಟ್ಟಿದೊಡನೆ ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೇ ಅದನ್ನು ಹೀರಿಕೊಳ್ಳುತ್ತದೆ. ಬಾಬಾಬುಡನ್‌ಗಿರಿ, ಕುದುರೆಮುಖಗಳ ಎತ್ತರದ ಹುಲ್ಲುಗಾವಲುಗಳಲ್ಲಿ ‘ಡ್ರೋಸೆರಾ ಪೆಲ್ಟೇಟಾ’ ಎಂಬ ಮತ್ತೊಂದು ಬಗೆಯಿದೆ. ಗುಜರಾತಿನ ಗುಡ್ಡಗಾಡಿನ ಪ್ರದೇಶಗಳಲ್ಲಿಯೂ ಡ್ರೋಸೆರಾ ಮತ್ತು ಯುಟ್ರಿಕ್ಯುಲೇರಿಯಾ ವರ್ಗದ ಗಿಡಗಳು ಮಳೆಗಾಲದಲ್ಲಿ ಕಾಣಸಿಗುತ್ತವೆ. ಹೀಗಿರುವಲ್ಲಿ ಕೀಟಾಹಾರಿ ಸಸ್ಯವೆಂದೊಡನೆ ಬೋರ್ನಿಯೋವನ್ನೋ ಅಮೆರಿಕವನ್ನೋ ಸ್ಮರಿಸುವುದು ನಮ್ಮ ನೆಲದ ಪರಿಚಯ ನಮಗೆ ಸಾಲದೆಂಬುದನ್ನೇ ತೋರಿಸುತ್ತದೆ.

೨. ಹುಚ್ಚು ಮತ್ತು ಪೆಟ್ಟಿಗೆ

ಗ್ರಂಥದಲ್ಲಿದ್ದ ಗಿಡ ಜೀವಸಹಿತವಾಗಿ ಖಂಡದಿಂದ ಖಂಡಕ್ಕೆ ಹೋಗಲು ಒಂದು ಉಪಾಯ ಬೇಕಾಗಿತ್ತು. ಉಪ್ಪುಗಾಳಿಗೂ ಸಿಹಿನೀರಿನ ಅಭಾವಕ್ಕೂ ಸಿಕ್ಕಿ ಹಡಗಿನಲ್ಲಿ ಬಹುಪಾಲು ಸಸಿಗಳು ಸಾಯುತ್ತಿದ್ದ ಕಾಲವದು. ಲಂಡನ್ನಿನ ವೈದ್ಯನಾದ ನಥಾನಿಯಲ್ ವಾರ್ಡನು ಮುಚ್ಚಿದ ಗಾಜಿನ ಪಾತ್ರೆಯೊಳಗೆ ಜರೀಗಿಡವು ತನ್ನ ತೇವವನ್ನೇ ಮತ್ತೆ ಮತ್ತೆ ಬಳಸಿಕೊಂಡು ಬದುಕುವುದನ್ನು ೧೮೨೯ರ ಸುಮಾರಿಗೆ ಕಂಡನು. ೧೮೩೩ರಲ್ಲಿ ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಸಿಡ್ನಿಗೆ ಕಳುಹಿಸಿ ಯಶಸ್ವಿಯಾದನು. ಸಾಮಾನ್ಯವಾದ ಈ ಪೆಟ್ಟಿಗೆಯೇ ಸಸ್ಯವ್ಯಾಪಾರದ ಸ್ವರೂಪವನ್ನು ಮಾರ್ಪಡಿಸಿತು. ಚಹದ ಗಿಡಗಳು ಚೀಣದಿಂದ ಭಾರತಕ್ಕೆ ಬಂದುದು ಇದರಿಂದ. ಆಗ್ನೇಯ ಏಷ್ಯದ ಹೂಜಿಗಿಡಗಳು ಇಂಗ್ಲೆಂಡಿನ ಧನಿಕರ ಗಾಜಿನ ಮನೆಗಳನ್ನು ಸೇರಿದುದೂ ಇದರಿಂದ.

ಹೂಜಿಗಿಡದ ಎಲೆಯ ತುದಿಯು ತಂತುವಾಗಿ ನೀಳ್ದು, ಮುಚ್ಚಳವುಳ್ಳ ಹೂಜಿಯಾಗಿ ಮಾರ್ಪಡುತ್ತದೆ. ಅದರ ನುಣುಪಾದ ಅಂಚಿನಿಂದ ಜಾರಿದ ಕೀಟವು ಒಳಗಣ ದ್ರವದಲ್ಲಿ ಜೀರ್ಣವಾಗುತ್ತದೆ. ಭಾರತದಲ್ಲಿ ಸಹಜವಾಗಿ ಬೆಳೆಯುವ ಹೂಜಿಗಿಡ ಒಂದೇ ಒಂದು: ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳ ‘ನೆಪೆಂಥಿಸ್ ಖಾಸಿಯಾನಾ’. ಖಾಸಿ ಜನ ಇದನ್ನು ರಾಕ್ಷಸ ಹೂವೆಂಬ ಅರ್ಥದಲ್ಲಿ ‘ತ್ಯೂ ರಾಕೋಟ್’ ಎನ್ನುತ್ತಾರೆ. ಗಾರೋ ಜನ ಭೂತದ ಬುಟ್ಟಿ ಎಂಬ ಅರ್ಥದಲ್ಲಿ ‘ಮೆಮಾಂಗ್ ಕೋಕ್ಸಿ’ ಎನ್ನುತ್ತಾರೆ. ಈ ಹೆಸರುಗಳನ್ನು ಇಟ್ಟವರಿಗೆ ಗಿಡದ ಸ್ವಭಾವದ ಅರಿವು ಇತ್ತೆಂಬುದರಲ್ಲಿ ಸಂಶಯವಿಲ್ಲ. ಜೋಸೆಫ್ ಹೂಕರನು ೧೮೫೦ರಲ್ಲಿ ಖಾಸಿ ಬೆಟ್ಟಗಳಲ್ಲಿ ಸಂಚರಿಸಿದನು; ೧೮೭೩ರಲ್ಲಿ ಈ ಗಿಡಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು; ೧೮೭೪ರಲ್ಲಿ ಬೆಲ್‌ಫಾಸ್ಟಿನ ವಿಜ್ಞಾನ ಸಮ್ಮೇಳನದಲ್ಲಿ ಕೀಟಾಹಾರಿ ಸಸ್ಯಗಳ ಮೇಲೆಯೇ ಉಪನ್ಯಾಸ ಮಾಡಿದನು. ಇದೇ ಕಾಲದಲ್ಲಿ ಲಂಡನ್ನಿನ ಚೆಲ್ಸಿಯಲ್ಲಿದ್ದ ವೀಚ್ ಕುಟುಂಬದ ನರ್ಸರಿಯು ಹೂಜಿಗಿಡಗಳ ಸಂಕರ ತಳಿಗಳನ್ನು ಮಾರಿ ಹೆಸರಾಗಿತ್ತು. ಅಲ್ಲಿಯ ಜಾನ್ ಡೊಮಿನಿ ತಯಾರಿಸಿದ ಮೊದಲ ಸಂಕರವು ೧೮೬೨ರಲ್ಲಿ ಹೊರಬಂದಿತು. ಆ ನರ್ಸರಿ ೧೯೧೪ರಲ್ಲಿ ಮುಚ್ಚಿತು. ಮಹಾಯುದ್ಧದ ಕಲ್ಲಿದ್ದಲಿನ ಅಭಾವದಲ್ಲಿ ಬೆಚ್ಚನೆಯ ಗಾಜಿನ ಮನೆಗಳು ತಣ್ಣಗಾದವು; ಅಲ್ಲಿ ಬೆಳೆದಿದ್ದ ತಳಿಗಳಲ್ಲಿ ಎಷ್ಟೋ ನಷ್ಟವಾದವು. ಹುಚ್ಚು ಇಳಿದಾಗ ಗಿಡವೂ ಅಳಿಯಿತು. ಬೆಟ್ಟದಿಂದ ಕಿತ್ತು ತಂದುದು ಮರಳಿ ಬೆಟ್ಟಕ್ಕೆ ಹೋಗಲಿಲ್ಲ.

೩. ವಡೋದರಾ: ತೋಟದ ಗಿಡ

ಭಾರತದಲ್ಲಿ ವಿಲಕ್ಷಣ ಸಸ್ಯಗಳ ಬೆಳವಣಿಗೆಗೆ ಆಶ್ರಯ ದೊರೆತುದು ಮುಖ್ಯವಾಗಿ ಸರ್ಕಾರಿ ತೋಟಗಳಲ್ಲಿ ಮತ್ತು ದೇಶೀಯ ಅರಸರ ತೋಟಗಳಲ್ಲಿ. ಬಡೋದೆಯ ಮೂರನೆಯ ಸಯಾಜಿರಾವ್ ಗಾಯಕವಾಡರು ೧೮೭೯ರಲ್ಲಿ ವಿಶ್ವಾಮಿತ್ರಿ ನದಿಯ ದಡದಲ್ಲಿ ಸ್ಥಾಪಿಸಿದ ತೋಟವು—ಇಂದಿನ ಸಯಾಜಿಬಾಗ್, ಜನರ ಬಾಯಲ್ಲಿ ಕಮಾಟಿಬಾಗ್—ಈ ಮಾತಿಗೆ ಉತ್ತಮ ನಿದರ್ಶನ. ಅರಸರು ತೋಟವನ್ನು ಮೆಚ್ಚುವುದು ಹೊಸದಲ್ಲ. ಆದರೆ ಅದನ್ನು ಊರವರೆಲ್ಲರಿಗೂ ತೆರೆದು, ಅದರಲ್ಲಿ ವಸ್ತುಸಂಗ್ರಹಾಲಯವನ್ನೂ ಕಟ್ಟಿಸಿ, ನೋಟದೊಂದಿಗೆ ತಿಳಿವಳಿಕೆಯನ್ನೂ ಕೊಡಬೇಕೆಂಬುದು ಆ ಕಾಲಕ್ಕೆ ಹೊಸ ವಿಚಾರ.

ಈ ಮಹಾರಾಜರ ಕರೆಯ ಮೇರೆಗೆ ೧೮೯೩ರಲ್ಲಿ ಬಡೋದೆಗೆ ಬಂದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡನ್ ಸಮೀಪದ ಲೋಮೆನ್ ಎಂಬ ಊರಿನಲ್ಲಿ ೧೮೬೫ರಲ್ಲಿ ಹುಟ್ಟಿ, ಪಿಲ್ನಿಟ್ಸಿನಲ್ಲಿ ತೋಟಗಾರಿಕೆಯನ್ನು ಕಲಿತು, ಲಂಡನ್ನಿನ ಹೈಡ್ ಪಾರ್ಕ್ ಮತ್ತು ಕ್ಯೂ ತೋಟಗಳಲ್ಲಿ ಕೆಲಸ ಮಾಡಿದವರು ಅವರು. ಬಡೋದೆಯ ತೋಟಗಳ ಹೊಣೆಯನ್ನು ಒಂದೂವರೆ ದಶಕದಷ್ಟು ಕಾಲ ನಿರ್ವಹಿಸಿದ ಬಳಿಕ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, ೧೯೦೮ರಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡರು. ಬೆಂಗಳೂರಿನ ಬೀದಿಗಳಲ್ಲಿ ಋತುವಿಗೊಂದು ಬಣ್ಣದ ಹೂಮರಗಳನ್ನು ಕ್ರಮವಾಗಿ ಅರಳಿಸುವ ಯೋಜನೆಯೊಡನೆ ಅವರ ಹೆಸರು ಸೇರಿಕೊಂಡಿದೆ. ಕನ್ನಡಿಗರು ತಮ್ಮ ರಾಜಧಾನಿಯ ಸೊಬಗೆಂದು ಹೆಮ್ಮೆಪಡುವ ಆ ಸಾಲುಮರಗಳ ಹಿಂದೆ ಗುಜರಾತಿನ ಬಿಸಿಲಿನಲ್ಲಿ ಹದಿನೈದು ವರ್ಷ ಪಳಗಿದ ಒಬ್ಬ ತೋಟಗಾರನ ಅನುಭವವಿದೆ ಎಂಬುದು ಇಲ್ಲಿ ಸ್ಮರಣೀಯ.

ಲಾಲ್‌ಬಾಗಿನ ಪರಂಪರೆಯಾದರೋ ಅವರಿಗಿಂತ ಹಿಂದಿನದು. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದ, ಟಿಪ್ಪುಸುಲ್ತಾನನು ದೂರದೇಶಗಳಿಂದ ಬೀಜ-ಸಸಿಗಳನ್ನು ತರಿಸಿ ಬೆಳೆಸಿದ ಈ ತೋಟವು ೧೮೫೬ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ೧೮೭೪ರಿಂದ ೧೯೦೮ರ ವರೆಗೆ ಇದ್ದ ಜಾನ್ ಕ್ಯಾಮರನ್ನರು ಇತರ ತೋಟಗಳೊಡನೆ ವಿನಿಮಯದಿಂದ ಅನೇಕ ಹೊಸ ಸಸ್ಯಗಳನ್ನು ತರಿಸಿದರು. ಅವುಗಳ ಪಟ್ಟಿಯನ್ನು ಅಚ್ಚುಹಾಕಿಸಿದರು. ನಮ್ಮ ಅಡುಗೆಮನೆಯ ಸೀಮೆಬದನೆಯೂ ಅವರ ಕಾಲದಲ್ಲಿ ಹೀಗೆ ಬಂದ ಪರದೇಶಿಯೇ. ಗಾಜಿನ ಮನೆಗೆ ೧೮೮೯ರಲ್ಲಿ ಅಸ್ತಿಭಾರ ಬಿದ್ದಿತು. ೧೯೧೨ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಗಳಿಂದ ಅಪರೂಪದ ಗಿಡವನ್ನು ಬೆಳೆಸುವುದು ಸಾಮಾನ್ಯ ಗೃಹಸ್ಥನಿಗೂ ಗೌರವದ ವಿಷಯವಾಯಿತು. ಇಂದು ಎಲ್ಲೆಲ್ಲಿಯೂ ಕಾಣುವ ಹವ್ಯಾಸಿಗಳ ಕೂಟಗಳಿಗೆ ಮೂಲಮಾದರಿ ಇಂಥ ಸಂಘಗಳೇ.

ಕ್ರುಂಬಿಗಲ್ಲರು ೧೯೩೨ರಲ್ಲಿ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದ ಎಚ್. ಸಿ. ಜವರಾಯರೂ ಮುಂದೆ ಎಂ. ಎಚ್. ಮರಿಗೌಡರೂ ಕನ್ನಡಿಗರೇ. ಕ್ರುಂಬಿಗಲ್ಲರು ತಮ್ಮ ಜನ್ಮಭೂಮಿಗೆ ಮರಳದೆ ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಲಾಲ್‌ಬಾಗಿನಲ್ಲಿ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಂಗಣವನ್ನು ೨೦೧೭ರಲ್ಲಿ ಕೆಡವಲಾಯಿತು. ಹೆಸರು ಉಳಿದವರ ಗತಿಯೇ ಹೀಗಾದರೆ ಹೆಸರೇ ಇಲ್ಲದವರ ಮಾತೇನು? ಲಾಲ್‌ಬಾಗಿನ ಪಾತಿಗಳನ್ನು ತಲೆಮಾರುಗಳಿಂದ ಅಗೆದು, ನೀರೆರೆದು, ಕಸಿಮಾಡಿದ ಕೈಗಳಲ್ಲಿ ಬೆಂಗಳೂರಿನ ತಿಗಳರ ಕೈಗಳು ಬಹಳ. ತೋಟದ ಮಗ್ಗುಲಲ್ಲಿರುವ ಸಿದ್ದಾಪುರದ ನರ್ಸರಿಗಳು ನಾಡಿನಾದ್ಯಂತ ಸಸಿಗಳನ್ನು ಕಳುಹಿಸುವ ಪೇಟೆಯಾಗಿ ಬೆಳೆದುದು ಇಂಥ ಅನುಭವದ ಬಲದಿಂದಲೇ. ವಡೋದರಾದ ತೋಟಗಳನ್ನು ಕಾದ ಮಾಲಿಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ರೀಡನು ತನ್ನ ವೈದ್ಯರಿಗೆ ತೋರಿದ ಸೌಜನ್ಯವನ್ನು ತೋಟಗಳ ಇತಿಹಾಸಕಾರರು ಮಾಲಿಗಳಿಗೆ ತೋರಿದುದು ಕಡಮೆ.

ಗುಜರಾತಿನಲ್ಲಿ ಈ ಕೊರತೆಗೆ ಒಂದು ಉಜ್ಜ್ವಲವಾದ ಅಪವಾದವಿದೆ. ಕಚ್ಛದಲ್ಲಿ ೧೮೪೯ರಲ್ಲಿ ಹುಟ್ಟಿದ ಜಯಕೃಷ್ಣ ಇಂದ್ರಜಿಯವರು ಪೋರಬಂದರಿನ ಸಮೀಪದ ಬರಡಾ ಗುಡ್ಡಗಳ ಸಸ್ಯಗಳನ್ನು ವರ್ಷಗಟ್ಟಲೆ ಶೋಧಿಸಿ, ೧೯೧೦ರಲ್ಲಿ ಗುಜರಾತಿ ಭಾಷೆಯಲ್ಲಿಯೇ ‘ವನಸ್ಪತಿಶಾಸ್ತ್ರ’ವೆಂಬ ಬೃಹದ್ಗ್ರಂಥವನ್ನು ಹೊರತಂದರು. ದೇಶಭಾಷೆಯಲ್ಲಿ ಶಾಸ್ತ್ರವನ್ನು ಬರೆಯುವ ಧೈರ್ಯವನ್ನು ತೋರಿದ ಅವರ ಸ್ಮರಣೆ ಕನ್ನಡದ ವಿದ್ವಾಂಸರಿಗೂ ಸ್ಫೂರ್ತಿದಾಯಕ.

೪. ಅಹಮದಾಬಾದು: ಮನೆಯ ಗಿಡ

ಜಹಾಂಗೀರ್ ಬಾದಶಹನು ೧೬೧೮ರಲ್ಲಿ ಅಹಮದಾಬಾದಿಗೆ ಬಂದಾಗ ಇಲ್ಲಿನ ಧೂಳಿಗೆ ಬೇಸತ್ತು ಈ ಊರನ್ನು ‘ಗರ್ದಾಬಾದ್’ ಎಂದು ಹಳಿದನು. ನಾಲ್ಕು ಶತಮಾನಗಳ ಬಳಿಕವೂ ಇಲ್ಲಿನ ಬೇಸಗೆಯ ಉಗ್ರತೆ ಇಳಿದಿಲ್ಲ. ೨೦೧೬ರ ಮೇ ೨೦ರಂದು ಇಲ್ಲಿ ೪೮ ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ವರ್ಷದ ಮಳೆ ಸುಮಾರು ೮೦೦ ಮಿಲಿಮೀಟರ್. ಅದರಲ್ಲಿ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಇಂಥ ಹವೆಯಲ್ಲಿ, ಸದಾ ಮಂಜು ಕವಿದ ಬೆಟ್ಟಗಳ ಹೂಜಿಗಿಡವನ್ನು ಮಹಡಿಯ ಮೇಲೆ ಬದುಕಿಸಲೆಳಸುವುದು ಸಾಹಸವೇ ಸರಿ.

ಪೇಟೆಯಲ್ಲಿ ಈಗ ಸಾಮಾನ್ಯವಾಗಿ ದೊರೆಯುವುದು ಫಿಲಿಪ್ಪೈನ್ಸ್ ದ್ವೀಪಗಳ ಎರಡು ಜಾತಿಗಳ ಸಂಕರವಾದ ‘ವೆಂಟ್ರಾಟಾ’ ಎಂಬ ಹೂಜಿಗಿಡ, ಮತ್ತು ಅಮೆರಿಕದ ಕ್ಯಾರೊಲಿನಾ ಪ್ರಾಂತಗಳ ನೊಣ ಹಿಡಿಯುವ ಗಿಡ. ಅಂಗಾಂಶ ಕೃಷಿಯ ಪ್ರಯೋಗಶಾಲೆಗಳಲ್ಲಿ ಇವನ್ನು ರಾಶಿರಾಶಿಯಾಗಿ ಬೆಳೆಸುತ್ತಾರೆ. ಶ್ರೀಲಂಕೆಯಲ್ಲಿ ಹೂಜಿಗಿಡಗಳಿಗಾಗಿಯೇ ಮೀಸಲಾದ ಪ್ರಸಿದ್ಧ ನರ್ಸರಿಯಿದೆ. ಬೇರುಗಳಿಗೆ ಒದ್ದೆ ಪಾಚಿಯನ್ನು ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಂಚೆ ಅಥವಾ ಕೊರಿಯರಿನಲ್ಲಿ ಗಿಡಗಳನ್ನು ಕಳುಹಿಸುತ್ತಾರೆ. ವಾರ್ಡನ ಗಾಜಿನ ಪೆಟ್ಟಿಗೆಯ ಕೆಲಸವನ್ನು ಈಗ ರಟ್ಟಿನ ಪೆಟ್ಟಿಗೆಯೂ ವೇಗವೂ ಸೇರಿ ಮಾಡುತ್ತಿವೆ.

ಕೊಂಡ ಗಿಡ ಬದುಕುವುದು ಬೇರೆಯ ಮಾತು. ಗುಲಾಬಿ ತುಳಸಿಗಳನ್ನು ಸಾಕಿದ ಕೈಗಳು ಅಭ್ಯಾಸಬಲದಿಂದ ಇದಕ್ಕೂ ಗೊಬ್ಬರ ಹಾಕುತ್ತವೆ, ಕೊಳವೆಬಾವಿಯ ನೀರೆರೆಯುತ್ತವೆ. ಬಡಮಣ್ಣಿಗೆ ಹೊಂದಿಕೊಂಡ ಬೇರುಗಳು ಗೊಬ್ಬರವನ್ನು ತಾಳಲಾರವು. ನೀರಿನಲ್ಲಿ ಕರಗಿದ ಲವಣಗಳು ಕುಂಡದಲ್ಲಿ ದಿನದಿನಕ್ಕೆ ಸೇರುತ್ತ ಅವುಗಳನ್ನು ಸುಡುತ್ತವೆ. ಒಣಹವೆಗೆ ಹೂಜಿಗಳು ಮೊದಲು ಕರಕಲಾಗಿ, ಅನಂತರ ಹೊಸವು ಮೂಡುವುದೇ ನಿಲ್ಲುತ್ತದೆ. ಇವಕ್ಕೆ ಬೇಕಾದುದು ಲವಣವಿಲ್ಲದ ನೀರು, ಎಂದರೆ ಶುದ್ಧವಾದ ಮಳೆಯ ನೀರು.

ಈ ವಿಷಯದಲ್ಲಿ ಅಹಮದಾಬಾದಿನ ಹಿರಿಯರು ನಮಗೆ ಒಂದು ಪಾಠವನ್ನು ಬಿಟ್ಟುಹೋಗಿದ್ದಾರೆ. ೨೦೧೭ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಇಲ್ಲಿನ ಹಳೆಯ ಊರಿನ ಪೋಳಗಳಲ್ಲಿ, ಅನೇಕ ಮನೆಗಳ ಅಂಗಳದ ಕೆಳಗೆ ‘ಟಾಂಕಾ’ ಎಂಬ ನೆಲಮಾಳಿಗೆಯ ತೊಟ್ಟಿಗಳಿವೆ. ಮಾಡಿನ ಮೇಲೆ ಬಿದ್ದ ಮಳೆಯನ್ನು ಕೊಳವೆಯ ಮೂಲಕ ಇಳಿಸಿ, ಬೆಳಕು ಸೋಕದ ಈ ತೊಟ್ಟಿಗಳಲ್ಲಿ ಕೂಡಿಟ್ಟು, ವರ್ಷವಿಡೀ ಕುಡಿಯಲು ಬಳಸುತ್ತಿದ್ದರು. ಭೂಗರ್ಭದ ನೀರು ಸವಳೆಂಬುದನ್ನು ಬಲ್ಲ ಜನರ ಜಾಣ್ಮೆಯಿದು. ಇಂದಿನ ಹವ್ಯಾಸಿಯು ಯಂತ್ರದಿಂದ ಲವಣ ತೆಗೆದ ನೀರಿಗೆ ಹಣ ತೆರುವುದಕ್ಕೆ ಬದಲು, ಮುಂಗಾರಿನ ನಾಲ್ಕು ತಿಂಗಳ ನೀರನ್ನು ಮುಚ್ಚಿದ ಪಾತ್ರೆಗಳಲ್ಲಿ ಕೂಡಿಟ್ಟರೆ ಅವನ ಗಿಡಗಳು ಬದುಕುತ್ತವೆ. ದೂರದ ಗಿಡವನ್ನು ಉಳಿಸುವ ವಿದ್ಯೆಯು ಮನೆಯಂಗಳದಲ್ಲಿಯೇ ಇತ್ತೆಂಬುದು ಗಮನಾರ್ಹ.

ಇದಕ್ಕಿಂತಲೂ ಸುಲಭವಾದ ಮಾರ್ಗವೊಂದುಂಟು. ಅರಕಪುಡವೂ ಅದರ ಬಂಧುವಾದ ‘ಡ್ರೋಸೆರಾ ಬರ್ಮಾನಿ’ಯೂ ಒಂದೇ ವರ್ಷದ ಬಾಳಿನ ಗಿಡಗಳು. ಬಿಸಿಲನ್ನು ಅವು ಬೇಡುತ್ತವೆ. ಬೇಸಗೆ ಬರುವ ಮುನ್ನ ಬೀಜ ಚೆಲ್ಲಿ ತಾವು ಒಣಗುತ್ತವೆ. ಬೀಜಗಳು ಮುಂದಿನ ಮಳೆಯನ್ನು ಕಾಯುತ್ತವೆ. ಗುಜರಾತಿನ ಋತುಚಕ್ರಕ್ಕೆ ಇವುಗಳಷ್ಟು ಹೊಂದುವ ಕೀಟಾಹಾರಿಗಳು ಬೇರಿಲ್ಲ. ಹವ್ಯಾಸಿಗಳು ಬೆಳೆಸಿದ ಗಿಡಗಳ ಬೀಜವನ್ನು ಲಕೋಟೆಯಲ್ಲಿಟ್ಟು ಹಂಚಿಕೊಂಡರೆ ಬೆಟ್ಟದ ಒಂದು ಗಿಡವನ್ನೂ ಕೀಳಬೇಕಾಗಿಲ್ಲ. ಆದರೂ ಪೇಟೆಯಲ್ಲಿ ಬೆಲೆಯಿರುವುದು ದೂರದಿಂದ ಬಂದುದಕ್ಕೇ. ವೈಲಕ್ಷಣ್ಯವೆಂಬುದು ಗಿಡದ ಗುಣವೋ, ಅಥವಾ ಗಿಡಕ್ಕೂ ನಮಗೂ ಇರುವ ಅಂತರದ ಗುಣವೋ ಎಂಬುದು ವಿಚಾರಿಸತಕ್ಕ ಪ್ರಶ್ನೆ.

೫. ವಿನಿಮಯದ ಧರ್ಮ

ವಿಲಕ್ಷಣ ಸಸ್ಯದ ಮೇಲಿನ ಪ್ರೀತಿಯೇ ಅದರ ನಾಶಕ್ಕೆ ಕಾರಣವಾಗುವುದುಂಟು. ಖಾಸಿಯಾನಾ ಹೂಜಿಗಿಡವು ಸಂಗ್ರಾಹಕರ ಅತ್ಯಾಸೆಗೂ ನೆಲೆಯ ನಾಶಕ್ಕೂ ಸಿಕ್ಕಿ ವಿರಳವಾಯಿತು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ೧೯೭೩ರ ಒಪ್ಪಂದಕ್ಕೆ ಭಾರತವು ೧೯೭೬ರಲ್ಲಿ ಸೇರಿತು. ಆ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಈ ಗಿಡವಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೯೧ರಲ್ಲಿ ತಂದ ತಿದ್ದುಪಡಿಯು ಆರು ಬಗೆಯ ಸಸ್ಯಗಳಿಗೆ ರಕ್ಷಣೆಯನ್ನಿತ್ತಿತು. ಅವುಗಳಲ್ಲಿ ಹೂಜಿಗಿಡವೂ ಒಂದು. ೨೦೨೨ರ ತಿದ್ದುಪಡಿಯಲ್ಲಿಯೂ ರಕ್ಷಿತ ಸಸ್ಯಗಳಿಗೆ ಪ್ರತ್ಯೇಕವಾದ ಅನುಸೂಚಿಯಿದೆ. ಇಂಥ ಗಿಡವನ್ನು ಕಾಡಿನಿಂದ ಕೀಳುವುದೂ, ಪರವಾನಗಿಯಿಲ್ಲದೆ ಬೆಳೆಸಿ ಮಾರುವುದೂ ಅಪರಾಧ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿಯೂ ನೊಣ ಹಿಡಿಯುವ ಗಿಡದ ಕಳವನ್ನು ೨೦೧೪ರಿಂದ ಘೋರ ಅಪರಾಧಗಳ ಸಾಲಿಗೆ ಸೇರಿಸಿದ್ದಾರೆ. ನಮ್ಮ ಕರಾವಳಿಯ ಪಾರೆಗಳ ಗಿಡಗಳಿಗಾದರೋ ಕಳ್ಳರಿಗಿಂತ ದೊಡ್ಡ ಶತ್ರುವೆಂದರೆ ಕಲ್ಲಿನ ಕೋರೆ. ಮುರಕಲ್ಲನ್ನು ಕಡಿದು ಸಾಗಿಸಿದ ಮೇಲೆ ತೆಳ್ಳನೆಯ ನೀರು ನಿಲ್ಲುವ ಹಾಸುಗಲ್ಲೇ ಇರುವುದಿಲ್ಲ. ಬರಡು ನೆಲವೆಂದು ಕಡತಗಳಲ್ಲಿ ಬರೆದ ಮಾತ್ರಕ್ಕೆ ಅದು ಬರಡಾಗುವುದಿಲ್ಲ.

ಕಾನೂನು ಹವ್ಯಾಸಿಯನ್ನು ಕೇಳುವ ಪ್ರಶ್ನೆ ಒಂದೇ: ಈ ಗಿಡ ಎಲ್ಲಿಂದ ಬಂದಿತು? ಇತಿಹಾಸಕಾರನು ಕೇಳುವ ಪ್ರಶ್ನೆಯೂ ಅದೇ. ಬೆಳೆಸಿದ ಗಿಡವೋ, ಕಿತ್ತ ಗಿಡವೋ. ಯಾರ ಕೈಯಿಂದ ಯಾರ ಕೈಗೆ ಬಂದಿತು. ಅದನ್ನು ಬಲ್ಲವರ ಹೆಸರೇನು ಎಂಬುದನ್ನು ಕುಂಡದ ಮೇಲೆ ಬರೆದಿಟ್ಟುಕೊಳ್ಳುವ ಹವ್ಯಾಸಿಯು ತಿಳಿದೋ ತಿಳಿಯದೆಯೋ ಚರಿತ್ರೆಯ ಕೆಲಸವನ್ನೇ ಮಾಡುತ್ತಾನೆ. ಹಾಗೆ ಬರೆಯದವನ ಸಂಗ್ರಹ ಎಷ್ಟು ದೊಡ್ಡದಾದರೂ ಅದು ಕೇವಲ ಸರಕು.

ಹಣವಿಲ್ಲದ ವಿನಿಮಯದ ಒಂದು ಉತ್ತಮ ಮಾದರಿ ನಮ್ಮವರಲ್ಲಿಯೇ ಇದೆ. ಕನ್ನಡಿಗರು ‘ಬ್ರಹ್ಮಕಮಲ’ವೆಂದು ಕರೆದು, ನಡುರಾತ್ರಿಯಲ್ಲಿ ಅರಳುವುದನ್ನು ನೆರೆಹೊರೆಯವರೊಡನೆ ಕಾದು ನೋಡಿ, ಆರತಿಯೆತ್ತುವ ಹೂವು ವಾಸ್ತವವಾಗಿ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಒಂದು ಪಾಪಾಸುಕಳ್ಳಿ ವರ್ಗದ ಸಸ್ಯ. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆಯೇ. ಆದರೆ ಎಲೆಯಂತೆ ಕಾಣುವ ಇದರ ಕಾಂಡದ ಒಂದು ತುಂಡನ್ನು ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಹೀಗಾಗಿ ಇದು ಅಂಗಡಿಗಳ ಮೂಲಕ ಹರಡಿದುದಕ್ಕಿಂತ ಹೆಚ್ಚಾಗಿ ಮನೆಯಿಂದ ಮನೆಗೆ, ತವರಿನಿಂದ ಅತ್ತೆಯ ಮನೆಗೆ, ಊರಿನಿಂದ ಪರವೂರಿಗೆ ಕೈಬದಲಾಗಿ ಹರಡಿತು. ಇಂಥ ಗಿಡದ ಒಡತಿಗೆ ‘ನಿಮ್ಮದು ಯಾರು ಕೊಟ್ಟಿದ್ದು?’ ಎಂದು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ. ಕೊಟ್ಟವರ ಹೆಸರು ಗಿಡದೊಂದಿಗೇ ಉಳಿದಿರುತ್ತದೆ. ಶಾಸ್ತ್ರೀಯ ನಾಮದಲ್ಲಿ ತಪ್ಪಿದ ಈ ಗೃಹಿಣಿಯರು ವಿನಿಮಯದ ಧರ್ಮದಲ್ಲಿ ತಪ್ಪಲಿಲ್ಲ.

ಮೇಲಿನ ಸಮೀಕ್ಷೆಯಿಂದ ಸಿದ್ಧವಾಗುವ ಅಂಶಗಳು ಇಷ್ಟು. ಮೊದಲನೆಯದಾಗಿ, ಗುಜರಾತಿನ ಮೂರು ನಗರಗಳೂ ಕನ್ನಡನಾಡೂ ಸಸ್ಯಚರಿತ್ರೆಯಲ್ಲಿ ಪರಸ್ಪರ ಅಪರಿಚಿತರಲ್ಲ. ಸೂರತ್ತಿನ ಗೋರಿ ನಮ್ಮ ಕರಾವಳಿಯನ್ನೂ, ವಡೋದರಾದ ತೋಟ ಬೆಂಗಳೂರನ್ನೂ ಮುಟ್ಟುತ್ತವೆ. ಎರಡನೆಯದಾಗಿ, ಪ್ರತಿ ಹಂತದಲ್ಲಿಯೂ ಬಲ್ಲವರು ಒಬ್ಬರು, ಹೆಸರು ಪಡೆದವರು ಇನ್ನೊಬ್ಬರು. ಈ ಅಂತರವನ್ನು ಕುಗ್ಗಿಸಿದವರೇ ಸ್ಮರಣೆಗೆ ಅರ್ಹರು. ಮೂರನೆಯದಾಗಿ, ಕೀಟಾಹಾರಿ ಸಸ್ಯಗಳು ನಮ್ಮವೂ ಹೌದು. ಗುಜರಾತಿನ ಕನ್ನಡಿಗರಿಗೆ ಇದು ಕೇವಲ ಕುತೂಹಲದ ವಿಷಯವಾಗಬೇಕಾಗಿಲ್ಲ. ೧೯೬೬ರಲ್ಲಿ ಸ್ಥಾಪಿತವಾದ ಡಾಂಗ್ ಜಿಲ್ಲೆಯ ವಘಯಿ ಸಸ್ಯೋದ್ಯಾನವೂ ವಡೋದರಾದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವೂ ಕೈಗೆಟುಕುವ ದೂರದಲ್ಲಿವೆ. ನಮ್ಮ ಯುವಕರಲ್ಲಿ ನಾಲ್ವರಾದರೂ ಮಳೆಗಾಲದಲ್ಲಿ ಈ ಸೀಮೆಯ ಗುಡ್ಡಗಳನ್ನು ಕೀಳುವ ಕೈಯಿಲ್ಲದೆ, ಬರೆಯುವ ಕೈಯೊಡನೆ ಸುತ್ತಿ, ಕಂಡ ಗಿಡಗಳ ಗುಜರಾತಿ, ಡಾಂಗಿ, ಕನ್ನಡ ಹೆಸರುಗಳನ್ನೂ, ಅವನ್ನು ಹೇಳಿದವರ ಹೆಸರುಗಳನ್ನೂ ಒಂದೆಡೆ ದಾಖಲಿಸಿದರೆ, ಅಂಥ ಪಟ್ಟಿಯು ಈ ಎರಡು ನಾಡುಗಳಿಗೂ ಸಲ್ಲುವ ಸೇವೆಯಾದೀತು. ನೆಲೆಯೂರಿದ ನಾಡಿನ ಗಿಡಗಳ ಹೆಸರನ್ನು ಅಲ್ಲಿಯವರಿಂದ ಕೇಳಿ ಕಲಿಯುವುದಕ್ಕಿಂತ ಮಿಗಿಲಾದ ಕೃತಜ್ಞತೆಯನ್ನು ವಲಸೆ ಬಂದವರು ಸಲ್ಲಿಸಲಾರರು.